ಓಡುವವನಿಗೆ ಕ್ಲಾಸು ಎಂಥದ್ದು ಎನ್ನುವವರಿಗೆ

ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಬೇಲಿಗೆ ಒರಗಿ ನಿಂತವರು, ಬೆಳ್ತಂಗಡಿಯಲ್ಲಿ ಬಸ್ಸಿಗೆ ಕಾಯುವವರು, ಬಿ.ಸಿ.ರೋಡಿನ ಹೋಟೆಲಿನಲ್ಲಿ ಚಹಾ ಕುಡಿಯುವವರು, ಕೊನೆಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತವರು ಕೂಡ ಹೇಳುವ ಮಾತೊಂದಿದೆ: ‘ಅವನು ನ್ಯಾಷನಲ್ ಪ್ಲೇಯರ್ ಮಾರಾಯ್ರೆ, ಅವನಿಗೆ ಇನ್ನು ಕ್ಲಾಸು ಎಂಥದ್ದು?’ ಯಾರೂ ಇದನ್ನು ಕುಹಕದಿಂದ ಹೇಳುವುದಿಲ್ಲ, ಅಭಿಮಾನದಿಂದಲೇ ಹೇಳುತ್ತಾರೆ. ಎದುರು ಮಾತಾಡುವುದು ಕಷ್ಟವಾಗುವುದು ಅದಕ್ಕೇ. ಪದಕ ತಂದ ಹುಡುಗನನ್ನು ಬೆಳಗ್ಗೆ ಒಂಬತ್ತೂವರೆಗೆ ಬೆಂಚಿನಲ್ಲಿ ಕೂರಿಸಬೇಕು ಎಂದು ಹೇಳಿದವನು ಕ್ರೀಡೆಯ ಗಂಧಗಾಳಿ ಇಲ್ಲದ ಮೇಷ್ಟ್ರು ಎನ್ನಿಸಿಕೊಳ್ಳುತ್ತಾನೆ. ಎನ್ನಿಸಿಕೊಂಡರೂ ಅಡ್ಡಿಯಿಲ್ಲ. ಕಾಲೇಜಿನ ಹೆಸರನ್ನು ಎದೆಯ ಮೇಲೆ ಹೊತ್ತು ಓಡುವವರು ಎಷ್ಟೇ ಹೆಸರು ಮಾಡಿದರೂ ಪೂರ್ತಿ ವಿದ್ಯಾರ್ಥಿಯಾಗಿಯೇ ಇರಬೇಕು ಎಂಬುದು ನನ್ನ ವಾದ. ಅವರಿಗೆ ನಾವು ಪ್ರೀತಿಯಿಂದ ಕೊಡುವ ವಿನಾಯಿತಿಯಲ್ಲಿ ಅವರಿಗೆ ಸಲ್ಲಬೇಕಾದ ಅರ್ಧ ಪಾಲು ಸದ್ದಿಲ್ಲದೆ ಕಳೆದುಹೋಗುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕ್ರೀಡೆಗಾಗಿ ಈ ಸೀಮೆ ಮಾಡಿದ ಕೆಲಸ ಸಣ್ಣದಲ್ಲ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ 1995ರಲ್ಲಿ ಹುಟ್ಟಿತು. ಅದರ ಕ್ರೀಡಾ ದತ್ತು ಯೋಜನೆಯಲ್ಲಿ ಫೀಸು, ಊಟ, ಹಾಸ್ಟೆಲು, ತರಬೇತಿ ಎಲ್ಲ ಉಚಿತವಾಗಿ ಸಿಕ್ಕಿ ಮೇಲೆ ಬಂದ ಮಕ್ಕಳು ಬಹಳ. ತಮಿಳುನಾಡಿನ ತಿರುಪ್ಪೂರು ಕಡೆಯ ಧರುಣ್ ಅಯ್ಯಸಾಮಿ ಇಲ್ಲಿಯ ವಿದ್ಯಾರ್ಥಿ. ರಿಯೊ ಒಲಿಂಪಿಕ್ಸಿನ ರಿಲೇ ತಂಡಕ್ಕೆ ಹೋದವನು, 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 48.96 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆಯ ಜತೆ ಬೆಳ್ಳಿ ತಂದವನು. ಅಖಿಲ ಭಾರತ ಅಂತರ್ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ 2020ರ ಜನವರಿಯಲ್ಲಿ ನಡೆದದ್ದು ಮೂಡುಬಿದಿರೆಯಲ್ಲಿ, 2022ರ ಜನವರಿಯಲ್ಲಿ ಪುರುಷರ ಕೂಟ ನಡೆದದ್ದೂ ಇಲ್ಲಿಯೇ. ಸಾವಿರ ಕಂಬದ ಬಸದಿ ನೋಡಲು ಜನ ಬರುತ್ತಿದ್ದ ಊರಿಗೆ ದೇಶದ ಮೂಲೆಮೂಲೆಯ ಓಟಗಾರರು ಬಂದು ಹೋದರು. ಉಜಿರೆಯಲ್ಲಿ 1966ರಲ್ಲಿ ಶುರುವಾದ ಎಸ್‌ಡಿಎಂ ಕಾಲೇಜಿನಿಂದ ಹಿಡಿದು ಬಂಟ್ವಾಳದ ಎಸ್‌ವಿಎಸ್ ತನಕ, ವಾಮದಪದವಿನಂಥ ಕಡೆಯ ಸರಕಾರಿ ಕಾಲೇಜುಗಳ ತನಕ, ಆಟಗಾರ ಇಲ್ಲದ ಕಾಲೇಜು ಈ ಭಾಗದಲ್ಲಿ ಇಲ್ಲ. ಕೂಲಿ ಮಾಡುವವರ ಮಗಳು ಸ್ಪೈಕ್ಸ್ ಹಾಕಿಕೊಂಡು ರೈಲಿನಲ್ಲಿ ಭುವನೇಶ್ವರಕ್ಕೋ ಪಟಿಯಾಲಕ್ಕೋ ಹೋಗಿಬರುವ ಭಾಗ್ಯ ಸಿಕ್ಕಿದ್ದೇ ಇಂಥ ಸಂಸ್ಥೆಗಳಿಂದ. ನಾನು ಯಾವ ಒಂದು ಸಂಸ್ಥೆಯ ಕಡೆಗೂ ಬೆರಳು ತೋರಿಸುತ್ತಿಲ್ಲ. ನನ್ನ ಜಗಳ ಇರುವುದು ಊರಿನ ಗಾಳಿಯಲ್ಲೇ ಬೆರೆತಿರುವ ಒಂದು ನಂಬಿಕೆಯ ಜತೆ.

ಆ ನಂಬಿಕೆಗೆ ಕಾಗದದ ಮೇಲೆ ಎಷ್ಟು ಬೆಲೆ ಇದೆ ನೋಡಿ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ನಡೆಸುವ ಕೂಟದಲ್ಲಿ ಓಡಬೇಕಾದರೆ ಓಟಗಾರ ಪೂರ್ಣಾವಧಿ ಕೋರ್ಸಿನ ರೆಗ್ಯುಲರ್ ವಿದ್ಯಾರ್ಥಿಯಾಗಿರಬೇಕು. ಖಾಸಗಿಯಾಗಿ ಪರೀಕ್ಷೆ ಕಟ್ಟಿದವನಿಗೆ ಅಲ್ಲಿ ಜಾಗವಿಲ್ಲ, ನೌಕರಿಯಲ್ಲಿ ಇರುವವನಿಗೂ ಇಲ್ಲ. ‘ಇವನು ನಮ್ಮ ವಿದ್ಯಾರ್ಥಿ’ ಎಂದು ಪ್ರಾಂಶುಪಾಲರು ಸಹಿ ಹಾಕಿ, ಮೊಹರು ಒತ್ತಿ ಕಳಿಸಬೇಕು. ಆ ಸಹಿಯ ಬಲದಲ್ಲೇ ಪದಕ ಬರುತ್ತದೆ, ಆ ಪದಕದ ಅಂಕ ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಸೇರುತ್ತದೆ, ಆ ಲೆಕ್ಕದ ಮೇಲೆಯೇ 1956–57ರಿಂದ ಕೊಡುತ್ತಿರುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಯಾರಿಗೆ ಎಂದು ತೀರ್ಮಾನವಾಗುತ್ತದೆ. ಓಟಗಾರ ವಿದ್ಯಾರ್ಥಿ ಎಂಬ ಕಾರಣಕ್ಕೇ ಅವನ ಓಟಕ್ಕೆ ಬೆಲೆ. ಅದೇ ಓಟಗಾರ ವಿದ್ಯಾರ್ಥಿಯಾಗಿ ಇರಬೇಕಾಗಿಲ್ಲ ಎಂದು ಅದೇ ಊರು ಹೇಳುತ್ತದೆ. ಜನವರಿಯಲ್ಲಿ ಬೇಕಾಗುವ ವಿದ್ಯಾರ್ಥಿತ್ವ ಜುಲೈಯಲ್ಲಿ ಬೇಡವಾಗುವ ಈ ಲೆಕ್ಕಾಚಾರ ಯಾರ ಲಾಭಕ್ಕೆ ಎಂದು ಕೇಳಿದರೆ ಉತ್ತರ ಹುಡುಗನ ಕಡೆ ಬರುವುದಿಲ್ಲ.

ಹೆಸರು ಮಾಡಿದ ಹುಡುಗನ ದಿನ ಹೇಗಿರುತ್ತದೆಂದು ಈ ಭಾಗದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮೊದಲು ಮೈದಾನ, ಆಮೇಲೆ ಮೆಸ್ಸು, ಆಮೇಲೆ ನಿದ್ದೆ, ಸಂಜೆ ಮತ್ತೆ ಮೈದಾನ. ನಡುವೆ ಕಾಲೇಜು ಎಂಬುದೊಂದು ಕಟ್ಟಡ. ಶೇಕಡಾ 75 ಹಾಜರಿ ಬೇಕು ಎಂಬ ನಿಯಮ ಇದೆ, ಕೂಟಕ್ಕೆ ಹೋದ ದಿನಗಳಿಗೆ ಹಾಜರಿ ಕೊಡುವ ಅವಕಾಶವೂ ಇದೆ. ಅದು ನ್ಯಾಯವೇ. ಆದರೆ ಕೂಟಕ್ಕೆ ಹೋಗದ ದಿನಗಳಿಗೂ ಆ ಅವಕಾಶದ ನೆರಳು ಚಾಚುತ್ತದೆ. ಲೆಕ್ಚರರಿಗೂ ಅವನ ಮೇಲೆ ಅಕ್ಕರೆ, ‘ಪರವಾಗಿಲ್ಲ, ನೀನು ಪ್ರ್ಯಾಕ್ಟೀಸಿಗೆ ಹೋಗು’ ಎನ್ನುತ್ತಾರೆ. ಇಂಟರ್ನಲ್ ಅಂಕ ಹೇಗೋ ಬೀಳುತ್ತದೆ. ಹೊರಗಿನ ಪರೀಕ್ಷೆಯಲ್ಲಿ ಮಾತ್ರ ಯಾರ ಅಕ್ಕರೆಯೂ ನಡೆಯುವುದಿಲ್ಲ. ಒಂದು ಸೆಮಿಸ್ಟರಿನಲ್ಲಿ ಎರಡು ಪೇಪರ್ ಉಳಿಯುತ್ತದೆ, ಮುಂದಿನದ್ದರಲ್ಲಿ ಮೂರು. ಮೂರನೇ ವರ್ಷ ಮುಗಿಯುವಾಗ ಸ್ಪರ್ಧೆಯ ಅರ್ಹತೆ ಮುಗಿಯುತ್ತದೆ, ಹಾಸ್ಟೆಲಿನ ಮಂಚ ಮುಂದಿನ ಬ್ಯಾಚಿನವನಿಗೆ ಹೋಗುತ್ತದೆ, ಪೇಪರುಗಳು ಹುಡುಗನ ಜತೆ ಊರಿಗೆ ಹೋಗುತ್ತವೆ. ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿ ಅವನ ಮುಖ ಇನ್ನೂ ಒಂದು ಮಳೆಗಾಲ ಇರುತ್ತದೆ.

ಈ ಮೂರು ವರ್ಷಗಳಲ್ಲಿ ಅವನು ತನ್ನ ಕಾಲೇಜಿನಲ್ಲೇ ಅತಿಥಿ. ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದ ಬೆಂಚಿನವನ ಹೆಸರು ಅವನಿಗೆ ಗೊತ್ತಿಲ್ಲ. ಲೈಬ್ರರಿ ಎಲ್ಲಿದೆ ಎಂದು ಗೊತ್ತಿರಬಹುದು, ಒಳಗೆ ಏನಿದೆ ಎಂದು ಗೊತ್ತಿಲ್ಲ. ಸೆಮಿನಾರಿನಲ್ಲಿ ಎದ್ದು ನಿಂತು ತಪ್ಪು ಹೇಳಿ ನಗೆಗೀಡಾಗುವ ಅವಕಾಶ ಅವನಿಗೆ ಸಿಕ್ಕಿಲ್ಲ. ಹೌದು, ಅದೊಂದು ಅವಕಾಶವೇ. ಹತ್ತೊಂಬತ್ತು ವರ್ಷಕ್ಕೆ ಎಲ್ಲರೂ ಹೊಗಳುವ ಹುಡುಗನಿಗೆ, ತನಗೇನೂ ಗೊತ್ತಿಲ್ಲದ ಒಂದು ಕೋಣೆಯಲ್ಲಿ ದಿನಕ್ಕೆ ನಾಲ್ಕು ತಾಸು ಸಾಮಾನ್ಯನಾಗಿ ಕೂರುವುದಕ್ಕಿಂತ ಆರೋಗ್ಯಕರವಾದದ್ದು ಇನ್ನೊಂದು ಇರಲಾರದು.

ಹೆಸರು ಎಷ್ಟು ಬೇಗ ಬರುತ್ತದೆ ಎಂಬುದನ್ನೂ ಈ ಊರು ಕಣ್ಣಾರೆ ಕಂಡಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು, ಬೋಲ್ಟ್ ಎಂದರು. ಅದೇ ತಿಂಗಳಲ್ಲಿ ಕೇಂದ್ರ ಕ್ರೀಡಾ ಸಚಿವರಿಂದ ಟ್ರಯಲ್ಸಿಗೆ ಕರೆ. ಕೆಸರಿನಲ್ಲಿ ಕೋಣಗಳ ಹಿಂದೆ ಓಡುವುದು ಬೇರೆ, ಟ್ರ್ಯಾಕಿನಲ್ಲಿ ಮುಂಗಾಲಿನ ಮೇಲೆ ಓಡುವುದು ಬೇರೆ ಎಂದು ಅವರು ಟ್ರಯಲ್ಸಿಗೆ ಹೋಗಲಿಲ್ಲ. ದೇಶವೆಲ್ಲ ತಲೆ ಕೆಡಿಸಿಕೊಂಡಾಗ ತಲೆ ನೆಟ್ಟಗೆ ಇಟ್ಟುಕೊಂಡವರು ಅವರೊಬ್ಬರೇ ಎಂದು ನನಗೆ ಆಗಲೂ ಅನ್ನಿಸಿತ್ತು. ಅವರು ಕಾಲೇಜಿನ ಓಟಗಾರರಲ್ಲ, ತಮ್ಮ ಕೆಲಸದ ನೆಲದ ಮೇಲೆ ಗಟ್ಟಿಯಾಗಿ ನಿಂತವರು, ಆದ್ದರಿಂದ ಬೇಡ ಎನ್ನಲು ಸಾಧ್ಯವಾಯಿತು. ಹಾಸ್ಟೆಲಿನ ಹುಡುಗನಿಗೆ ನಿಲ್ಲಲು ಅಂಥ ನೆಲ ಯಾವುದು? ಕ್ಲಾಸನ್ನೂ ಕಿತ್ತುಕೊಂಡ ಮೇಲೆ ಉಳಿಯುವುದು ಹೊಗಳಿಕೆ ಮಾತ್ರ.

ಚಳಿಗಾಲ ಬಂದರೆ ಬಂಟ್ವಾಳ, ಬೆಳ್ತಂಗಡಿಯ ಗ್ರಾಮಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಸಾಲು. ಕಾಲೇಜು ತಂಡದ ರೈಡರಿಗೆ ಅಲ್ಲಿ ಭಾರೀ ಬೇಡಿಕೆ. ಫೈನಲ್ ಮುಗಿಯುವಾಗ ಕೋಳಿ ಕೂಗುತ್ತದೆ, ಕೈಗೆ ಒಂದಿಷ್ಟು ದುಡ್ಡು ಬರುತ್ತದೆ, ಮರುದಿನದ ಕ್ಲಾಸಿನ ಮಾತೇ ಇಲ್ಲ. ಮನೆಯಲ್ಲಿ ಬಡತನ ಇರುವ ಹುಡುಗ ಆಡಿ ದುಡ್ಡು ತಂದರೆ ನಾನು ತಪ್ಪು ಎನ್ನುವುದಿಲ್ಲ. ಆದರೆ ರೈಡಿನ ಮೂವತ್ತು ಸೆಕೆಂಡು ಬಿಟ್ಟರೆ ತನಗೆ ಬೇರೆ ಬೆಲೆಯಿಲ್ಲ ಎಂದು ಅವನಿಗೆ ಕಲಿಸಿದವರು ಯಾರು?

ಇದು ನಮ್ಮ ಹಳ್ಳಿಗಾಡಿನ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಕಾಲೇಜು ಕ್ರೀಡೆಯನ್ನು ಕೋಟ್ಯಂತರ ಡಾಲರಿನ ವ್ಯವಹಾರ ಮಾಡಿದ ಅಮೆರಿಕದಲ್ಲಿ ಇದರ ದೊಡ್ಡ ರೂಪ ಇದೆ. ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾನಿಲಯದ ಜಾನಿ ಮಂಜೆಲ್ 2012ರಲ್ಲಿ ಮೊದಲ ಋತುವಿನಲ್ಲೇ ಅಲ್ಲಿನ ಕಾಲೇಜು ಫುಟ್ಬಾಲಿನ ಅತಿ ದೊಡ್ಡ ಪ್ರಶಸ್ತಿ ಗೆದ್ದ. ಆಮೇಲೆ ಕ್ಯಾಂಪಸ್ಸಿನಲ್ಲಿ ನಡೆದಾಡುವುದೇ ಕಷ್ಟ ಎಂದು ಕ್ಲಾಸುಗಳನ್ನೆಲ್ಲ ಆನ್‌ಲೈನಿಗೆ ಹಾಕಿಕೊಂಡ. ಜನಪ್ರಿಯತೆ ಅವನನ್ನು ತನ್ನದೇ ಕಾಲೇಜಿನಿಂದ ಹೊರಗೆ ಹಾಕಿತು. ವೃತ್ತಿಪರ ಫುಟ್ಬಾಲಿನಲ್ಲಿ ಅವನು ಎರಡೇ ಋತು ನಿಂತ.

ಇನ್ನೂ ಕೆಟ್ಟ ಕತೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ್ದು. 1993ರಿಂದ 2011ರ ತನಕ ಅಲ್ಲಿ ಕೆಲವು ಕೋರ್ಸುಗಳು ಕಾಗದದ ಮೇಲೆ ಮಾತ್ರ ನಡೆದವು. ಕ್ಲಾಸು ಇಲ್ಲ, ಪಾಠ ಇಲ್ಲ, ಕೊನೆಗೊಂದು ಪ್ರಬಂಧ ಬರೆದುಕೊಟ್ಟರೆ ಸಾಕು, ಅಂಕ ಹಾಕುತ್ತಿದ್ದುದು ಕಚೇರಿಯ ಸಿಬ್ಬಂದಿ. 2014ರಲ್ಲಿ ಕೆನೆತ್ ವೈನ್‌ಸ್ಟೀನ್ ಎಂಬ ಮಾಜಿ ಸರಕಾರಿ ವಕೀಲರು ಕೊಟ್ಟ ವರದಿಯ ಪ್ರಕಾರ ಹೀಗೆ ಅಂಕ ಪಡೆದವರು 3,100ಕ್ಕೂ ಹೆಚ್ಚು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಟಗಾರರು. ಎಲ್ಲ ಶುರುವಾದದ್ದು ಕರುಣೆಯಿಂದ, ಪಾಪ ಆಟದ ಮಕ್ಕಳು, ಕಷ್ಟ ಆಗುತ್ತದೆ ಎಂಬ ಭಾವನೆಯಿಂದ. ನಮ್ಮ ಸ್ಟಾಫ್ ರೂಮಿನ ಅಕ್ಕರೆಗೂ ಅದಕ್ಕೂ ಎಷ್ಟು ದೂರ? ಅದೇ ವಿಶ್ವವಿದ್ಯಾನಿಲಯದಲ್ಲಿ ಅದೇ ಅವಧಿಯಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಗಣಿತ ಓದುತ್ತಿದ್ದರು ಎಂಬುದನ್ನೂ ಹೇಳಬೇಕು. ಓದುತ್ತಲೇ 2006ರಲ್ಲಿ ಅಮೆರಿಕದ ಅಂತರ್ ಕಾಲೇಜು ಡಿಸ್ಕಸ್ ಚಾಂಪಿಯನ್ ಆದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ, ಒಟ್ಟು ನಾಲ್ಕು ಒಲಿಂಪಿಕ್ಸ್. ಸುಲಭದ ದಾರಿ ಇದ್ದ ಕಡೆಯಲ್ಲೇ ಕಷ್ಟದ ವಿಷಯ ಓದಿದವನ ತೋಳಿನ ಬಲ ಕಡಿಮೆಯೇನೂ ಆಗಲಿಲ್ಲ.

ಇಷ್ಟು ಹೇಳುವಾಗ ಎದುರಿನವರು ಜೇಬಿನಿಂದ ಸಚಿನ್ ಹೆಸರು ತೆಗೆಯುತ್ತಾರೆ. ಸಚಿನ್ ಯಾವ ಕಾಲೇಜಿಗೆ ಹೋಗಿದ್ದ? ಹೋಗಿರಲಿಲ್ಲ, ನಿಜ. ಹದಿನಾರಕ್ಕೇ ಟೆಸ್ಟ್ ಆಡಿದ. ಆದರೆ ಯಾವ ಕಾಲೇಜಿನ ಸೀಟನ್ನೂ ಹಿಡಿದುಕೊಳ್ಳಲಿಲ್ಲ, ಯಾವ ವಿಶ್ವವಿದ್ಯಾನಿಲಯದ ಹೆಸರಿನ ಬನಿಯನ್ನೂ ಹಾಕಲಿಲ್ಲ. ಕಾಲೇಜು ಬೇಡ ಎನ್ನುವವನು ಕಾಲೇಜು ಬಿಡಲಿ, ಅದರಲ್ಲಿ ಪ್ರಾಮಾಣಿಕತೆ ಇದೆ. ನಮ್ಮವರು ಸಚಿನ್ ಉದಾಹರಣೆ ಹಿಡಿದುಕೊಂಡು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಯುತ್ತಾರೆ.

ಉದಾಹರಣೆಯೇ ಬೇಕಾದರೆ ಕರ್ನಾಟಕದಲ್ಲಿ ಬರವಿಲ್ಲ. ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೂ ಹೋಗಿಬಂದು, ಎಂಜಿನಿಯರಿಂಗ್ ಮುಗಿಸಲು ಮೈಸೂರಿಗೆ ಮರಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಹಾಳಾಯಿತು ಎಂದು ಇವತ್ತಿನ ಮ್ಯಾನೇಜರುಗಳು ಎದೆ ಬಡಿದುಕೊಳ್ಳುತ್ತಿದ್ದರು. ಅವರು 189 ವಿಕೆಟ್ ಕಿತ್ತರು. ಕಾಸರಗೋಡಿನ ಕುಂಬಳೆಯ ಹೆಸರನ್ನು ಜಗತ್ತಿಗೆ ತಿಳಿಸಿದ ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದವರು, ಮುಂದಿನ ಟೆಸ್ಟ್ ಆಡಿದ್ದು 1992ರಲ್ಲಿ. ನಡುವೆ ಆರ್‌ವಿ ಕಾಲೇಜಿನ ಮೆಕ್ಯಾನಿಕಲ್ ಎಂಜಿನಿಯರಿಂಗ್. ಆಮೇಲೆ ಬಂದದ್ದು 619 ವಿಕೆಟ್. ಮೈಸೂರಿನ ಜಾವಗಲ್ ಶ್ರೀನಾಥರೂ ಎಂಜಿನಿಯರ್. ರಾಹುಲ್ ದ್ರಾವಿಡ್ ಬಿ.ಕಾಂ. ಮುಗಿಸಿ ಎಂಬಿಎ ಓದುತ್ತಿದ್ದಾಗ ಭಾರತ ತಂಡಕ್ಕೆ ಆಯ್ಕೆಯಾದವರು.

‘ಅವರೆಲ್ಲ ಪೇಟೆಯ, ಓದು ಬಲ್ಲ ಮನೆಗಳ ಮಕ್ಕಳು, ಬೆಳ್ತಂಗಡಿ ಘಟ್ಟದ ಬುಡದ ಹುಡುಗನಿಗೆ ಆ ಹೋಲಿಕೆ ಯಾಕೆ?’ ಎಂಬುದು ಇದಕ್ಕೆ ಬರುವ ಉತ್ತರ. ಎದುರು ಪಾಳೆಯದ ವಾದಗಳಲ್ಲಿ ನನಗೆ ತೂಕದ್ದು ಎನ್ನಿಸುವುದು ಇದೊಂದೇ, ಮತ್ತು ಇದು ನನ್ನ ಕಡೆಗೇ ವಾಲುತ್ತದೆ. ಪ್ರಸನ್ನರ ಮನೆಯಲ್ಲಿ ಓದು ಮುಗಿಸು ಎಂದು ಒತ್ತಾಯ ಮಾಡುವ ಅಪ್ಪ ಇದ್ದರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಹಾಗೆ ಹೇಳುವವರು ಯಾರು? ಅವನ ಅಪ್ಪ ಅಮ್ಮ ಪಿ.ಡಿ. ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಹೇಳಿದ್ದೇ ವೇದ ಎಂದು ನಂಬಿದವರು. ಪೇಟೆಯ ಹುಡುಗ ಕ್ಲಾಸು ತಪ್ಪಿಸಿದರೆ ಮನೆಯಲ್ಲಿ ಅಕ್ಕ ಪಾಠ ಹೇಳಿಕೊಟ್ಟಾಳು, ಮಾವ ಎಲ್ಲೋ ಕೆಲಸ ಹುಡುಕಿಕೊಟ್ಟಾನು. ಇವನಿಗೆ ಕ್ಲಾಸು ತಪ್ಪಿತೆಂದರೆ ಎಲ್ಲವೂ ತಪ್ಪಿದ ಹಾಗೆ. ವಿನಾಯಿತಿಯನ್ನು ಯಾರಾದರೂ ತಡೆದುಕೊಳ್ಳಬಲ್ಲರಾದರೆ ಅದು ಉಳ್ಳವರ ಮಕ್ಕಳು. ನಾವು ಅದನ್ನು ಕೊಡುತ್ತಿರುವುದು ಇಲ್ಲದವರ ಮಕ್ಕಳಿಗೆ.

ಕೆಲಸದ ಮಾತು ಬಂತಲ್ಲ. ನಮ್ಮ ಜಿಲ್ಲೆಯಲ್ಲಿ ಆಟಗಾರನಿಗೆ ಒಂದು ಕಾಲದಲ್ಲಿ ಬ್ಯಾಂಕು ಇತ್ತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕಬಡ್ಡಿ ತಂಡ, ಬಾಸ್ಕೆಟ್‌ಬಾಲ್ ತಂಡ ಎಂದರೆ ನಮ್ಮ ಹುಡುಗರ ಕನಸು. ಆಡುವ ತನಕ ಆಡು, ಆಮೇಲೆ ಕೌಂಟರಿನಲ್ಲಿ ಕೂರು ಎಂಬ ಭದ್ರತೆ. ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರು ವರ್ಷ ಅದೇ ದಿನ ಉಡುಪಿಯ ಸಿಂಡಿಕೇಟ್ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು ಎರಡೂ ಹೋದವು. ಹೆಸರುಗಳು ಹೋದ ಮೇಲೆ ಆ ಹೆಸರಿನ ತಂಡಗಳು ಎಲ್ಲಿಂದ? ‘ಪದಕ ಇದ್ದರೆ ಕೆಲಸ ಖಂಡಿತ’ ಎಂದು ಇವತ್ತೂ ಹೇಳುವ ಹಿರಿಯರು ಬಾಗಿಲು ಮುಚ್ಚಿದ ಬ್ಯಾಂಕುಗಳ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ.

ಉಳಿದಿರುವುದು ರೈಲ್ವೆ, ಪೊಲೀಸ್, ಸೇನೆ. ಅಲ್ಲಿ ಕ್ರೀಡಾ ಕೋಟಾ ಇದೆ, ಆದರೆ ಕೋಟಾದ ಒಳಗೂ ಮೆಟ್ಟಿಲುಗಳಿವೆ. ರೈಲ್ವೆಯಲ್ಲಿ ಹತ್ತನೇ ತರಗತಿ ಪಾಸಾದ ಆಟಗಾರನಿಗೆ ಲೆವೆಲ್ ಒಂದು, ಪಿಯುಸಿಗೆ ಎರಡು ಮತ್ತು ಮೂರು, ನಾಲ್ಕು ಮತ್ತು ಐದಕ್ಕೆ ಪದವಿ ಬೇಕು. ಪೊಲೀಸ್ ಇಲಾಖೆಯಲ್ಲಿ ಪದವಿ ಇದ್ದವನು ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಬಹುದು, ಪದವಿ ಮುಗಿಸದವನಿಗೆ ಕಾನ್‌ಸ್ಟೇಬಲ್. ಒಂದೇ ರಿಲೇ ತಂಡದಲ್ಲಿ ಬ್ಯಾಟನ್ ಕೊಟ್ಟವನೂ ತೆಗೆದುಕೊಂಡವನೂ ಮೂವತ್ತು ವರ್ಷ ಒಬ್ಬ ಇನ್ನೊಬ್ಬನಿಗೆ ಸೆಲ್ಯೂಟ್ ಹೊಡೆಯುವ ಸಂಬಂಧಕ್ಕೆ ಬೀಳುವುದು ಎರಡು ಉಳಿಕೆ ಪೇಪರಿನಿಂದ. ಈ ಲೆಕ್ಕವನ್ನು ಹುಡುಗರಿಗೆ ಮೊದಲ ವರ್ಷವೇ ಹೇಳುವ ಪಿ.ಡಿ.ಗಳು ಇದ್ದಾರೆ, ಅವರಿಗೆ ನನ್ನ ನಮಸ್ಕಾರ.

ಆದರೆ ಕೆಲಸಕ್ಕಾಗಿ ಪದವಿ ಎಂಬುದು ನನ್ನ ಮುಖ್ಯ ವಾದ ಅಲ್ಲ. ಅಷ್ಟೇ ಆದರೆ ದೂರಶಿಕ್ಷಣದಲ್ಲಿ ಹೇಗೋ ಪದವಿ ಮಾಡಿಸಿದರೆ ಮುಗಿಯಿತು. ಕ್ಲಾಸಿನಲ್ಲಿ ಕೂತವನು ಕಲಿಯುವ ಇನ್ನೊಂದು ಸಂಗತಿ ಇದೆ: ‘ಇದು ಯಾಕೆ?’ ಎಂದು ಕೇಳುವುದು. ಮೈದಾನದಲ್ಲಿ ಅದಕ್ಕೆ ಜಾಗ ಕಡಿಮೆ. ಕೋಚ್ ಹತ್ತು ಸುತ್ತು ಎಂದರೆ ಹತ್ತು ಸುತ್ತು, ಅದು ಇರಬೇಕಾದ್ದೂ ಹಾಗೆಯೇ. ದಿನವಿಡೀ ಮೈದಾನದಲ್ಲೇ ಬೆಳೆದವನು ಕೊಟ್ಟದ್ದನ್ನು ತಿನ್ನುವುದು, ಹೇಳಿದಲ್ಲಿ ಸಹಿ ಹಾಕುವುದು ಕಲಿಯುತ್ತಾನೆ. ಇದರ ಬೆಲೆ ಎಷ್ಟು ಎಂದು ಕರಾವಳಿಗೆ ಗೊತ್ತಿರಬೇಕು. ಕುಂದಾಪುರ ತಾಲೂಕಿನ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. ಇಡೀ ಜಿಲ್ಲೆ ಮೆರವಣಿಗೆ ಮಾಡಿತು. 2011ರಲ್ಲಿ ಅವರೂ ರಿಲೇ ತಂಡದ ಇತರ ಕೆಲವರೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಡಿಸಿದ ಜಿನ್‌ಸೆಂಗ್‌ ಪೂರಕದಲ್ಲಿ ಅದು ಸೇರಿತ್ತು ಎಂಬುದು ಓಟಗಾರ್ತಿಯರ ವಿವರಣೆ. ದೇಶದೊಳಗಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು.

ಆ ಹೆಣ್ಣುಮಗಳನ್ನು ದೂರಲು ನಾನು ಇದನ್ನು ಎತ್ತಿಲ್ಲ. ಆ ಪ್ರಕರಣದ ಹಿಂದಿನ ನಿಯಮವನ್ನು ನೋಡಿ: ಮೈಯೊಳಗೆ ಏನು ಹೋಯಿತೋ ಅದಕ್ಕೆ ಕ್ರೀಡಾಪಟುವೇ ಹೊಣೆ. ಕೋಚ್ ಕೊಟ್ಟರು ಎಂದರೆ ನಡೆಯುವುದಿಲ್ಲ, ಡಬ್ಬಿಯ ಮೇಲೆ ಬರೆದಿರಲಿಲ್ಲ ಎಂದರೂ ಪೂರ್ತಿ ಬಚಾವಾಗಲಾರರು. ಅಂದರೆ ಜಗತ್ತಿನ ಕ್ರೀಡಾ ಕಾನೂನು ಓಟಗಾರನನ್ನು ತಿಳಿದವನು, ಕೇಳಬಲ್ಲವನು, ಓದಬಲ್ಲವನು ಎಂದು ಭಾವಿಸಿ ಶಿಕ್ಷಿಸುತ್ತದೆ. ನಮ್ಮೂರು ಅವನನ್ನು ಕಾಲು ಮಾತ್ರ ಇರುವವನು ಎಂದು ಭಾವಿಸಿ ಸಾಕುತ್ತದೆ. ಶರೀರಶಾಸ್ತ್ರದ ಒಂದು ಪೇಪರನ್ನು ಮನಸ್ಸಿಟ್ಟು ಓದಿದವಳು, ವಾರಕ್ಕೊಮ್ಮೆಯಾದರೂ ಲೆಕ್ಚರರಿಗೆ ಎದುರು ಪ್ರಶ್ನೆ ಹಾಕಿ ಅಭ್ಯಾಸ ಇದ್ದವಳು ಮಾತ್ರೆಯ ಡಬ್ಬಿಯನ್ನು ತಿರುಗಿಸಿ ನೋಡುವ ಸಾಧ್ಯತೆ ಹೆಚ್ಚು. ಏಜೆಂಟನ ಒಪ್ಪಂದಕ್ಕೂ, ಲೀಗಿನ ಹರಾಜಿಗೂ, ಜಾಹೀರಾತಿನವನ ಚೆಕ್ಕಿಗೂ ಇದೇ ಮಾತು.

ಎದುರಿನವರ ಜತೆ ಇನ್ನೊಂದು ಗುಂಪಿಗೂ ಎರಡು ಮಾತು ಹೇಳಬೇಕು. ಆಟ ಎಲ್ಲ ಎಸ್ಸೆಸ್ಸೆಲ್ಸಿ ತನಕ, ಪಿಯುಸಿಗೆ ಬಂದ ಮೇಲೆ ನೀಟ್ ಬಿಟ್ಟರೆ ಬೇರೆ ಮಾತಿಲ್ಲ ಎನ್ನುವ ತಂದೆ ತಾಯಿ. ದ್ವಿತೀಯ ಪಿಯುಸಿಯಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಶೇಕಡಾ 97.37ರೊಂದಿಗೆ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಶೇಕಡಾ 93.90ರೊಂದಿಗೆ ಮೊದಲು, ನಾವು ಎರಡನೆಯವರು. ಈ ಹೆಮ್ಮೆಯ ಕಾರ್ಖಾನೆಯಿಂದ ಎಷ್ಟು ಒಳ್ಳೆಯ ಓಟಗಾರ್ತಿಯರು ಹದಿನಾರಕ್ಕೇ ನಿಂತುಹೋದರೋ ದೇವರೇ ಬಲ್ಲ. ಮೇಲ್ನೋಟಕ್ಕೆ ಇವರು ಆಟದ ವೈರಿಗಳು, ಮೊದಲಿನವರು ಆಟದ ಭಕ್ತರು. ಒಳಗೆ ಇಬ್ಬರ ನಂಬಿಕೆಯೂ ಒಂದೇ, ಒಂದು ಮೈಯಲ್ಲಿ ಎರಡೂ ಹಿಡಿಸುವುದಿಲ್ಲ ಎಂಬುದು. ಅದರ ಫಲ ನೋಡಬೇಕಾದರೆ ಯಾವುದಾದರೂ ದೊಡ್ಡ ಕ್ಯಾಂಪಸ್ಸಿಗೆ ಬೆಳಗಿನ ಜಾವ ಹೋಗಿ. ಒಂದು ಹಾಸ್ಟೆಲಿನಲ್ಲಿ ಕೋಚಿಂಗ್ ಪುಸ್ತಕಕ್ಕಾಗಿ ದೀಪ ಹತ್ತಿದೆ, ಇನ್ನೊಂದರಲ್ಲಿ ಟ್ರ್ಯಾಕಿಗಾಗಿ. ಎರಡೂ ಕಡೆಯ ಮಕ್ಕಳ ಶ್ರಮ ಸಮಸಮ. ಎರಡು ವರ್ಷ, ಮೂರು ವರ್ಷ ಒಂದೇ ಗೇಟಿನೊಳಗೆ ಇದ್ದು ಅವರು ಒಬ್ಬರಿಗೊಬ್ಬರು ಪರಿಚಯವಾಗುವುದಿಲ್ಲ.

ಈಗ ಸಮಯದ ಪ್ರಶ್ನೆ. ದಿನಕ್ಕೆ ಐದಾರು ತಾಸು ತಾಲೀಮು ಮಾಡಿದವನಿಗೆ ಬೆಂಚಿನಲ್ಲಿ ಕಣ್ಣು ಬಿಡಲು ಆಗುತ್ತದೆಯೇ? ಆಗುವುದಿಲ್ಲ. ಅಥ್ಲೆಟಿಕ್ಸಿನಲ್ಲಿ ವಿಶ್ರಾಂತಿಯೂ ತರಬೇತಿಯ ಭಾಗ ಎಂದು ನನಗೂ ಗೊತ್ತು. ಇಲ್ಲಿ ಬದಲಾಗಬೇಕಾದದ್ದು ಕಾಲೇಜು. ಮೂರು ವರ್ಷದ ಪದವಿಯನ್ನು ಐದು ವರ್ಷದಲ್ಲಿ ಮಾಡಿದರೆ ಆಕಾಶ ಕಳಚಿ ಬೀಳುತ್ತದೆಯೇ? ಪದವಿ ಮುಗಿಸಲು ವಿಶ್ವವಿದ್ಯಾನಿಲಯಗಳೇ ಹೆಚ್ಚಿನ ವರ್ಷಗಳ ಅವಕಾಶ ಇಟ್ಟಿರುತ್ತವೆ. ನಾವು ಅದನ್ನು ಫೇಲಾದವರ ದಾರಿ ಮಾಡಿಬಿಟ್ಟಿದ್ದೇವೆ. ಸೆಮಿಸ್ಟರಿಗೆ ಆರು ಪೇಪರಿನ ಬದಲು ಮೂರು ಕೊಡಿ, ಆದರೆ ಆ ಮೂರನ್ನು ಪೂರ್ತಿ ಕೊಡಿ. ಕ್ಲಾಸನ್ನು ಹನ್ನೊಂದಕ್ಕೆ ಶುರು ಮಾಡಿ. ಕೂಟ ಇದ್ದ ದಿನವೇ ಪರೀಕ್ಷೆ ಬಂದರೆ ಮುಂದಿನ ತಿಂಗಳು ಬೇರೆ ಪ್ರಶ್ನೆಪತ್ರಿಕೆ ಮಾಡಿ ಕೂರಿಸಿ. ಗ್ರೇಸ್ ಅಂಕಕ್ಕಿಂತ ಅದರಲ್ಲಿ ಮರ್ಯಾದೆ ಹೆಚ್ಚು. ಹರಿಯಾಣದಿಂದಲೋ ಉತ್ತರ ಪ್ರದೇಶದಿಂದಲೋ ಬಂದವರಿಗೆ ಕನ್ನಡ ಬಾರದು, ಇಂಗ್ಲಿಷ್ ಪಾಠ ಅರ್ಥವಾಗದು, ಮೊದಲ ಆರು ತಿಂಗಳು ಅವರಿಗೆ ಭಾಷೆಯನ್ನೇ ಕಲಿಸಿ. ಭುವನೇಶ್ವರದ ರೈಲು ಹಿಡಿಯಲು ಟಿಕೆಟ್ ಮಾಡಿಸುವ ಶ್ರದ್ಧೆಯ ಕಾಲು ಭಾಗ ಸಾಕು. ಸಿಂಥೆಟಿಕ್ ಟ್ರ್ಯಾಕಿಗೆ ಕೋಟಿಗಳನ್ನು ಹೊಂದಿಸುವವರಿಗೆ ಒಬ್ಬ ಟ್ಯೂಟರ್ ಭಾರವಾಗಲಾರ.

ಓದಿಗೆ ಹೀಗೆ ಜಾಗ ಬಿಟ್ಟುಕೊಟ್ಟ ಕಾಲೇಜೂ ಅಮೆರಿಕದಲ್ಲಿದೆ. ಫ್ಲಾರಿಡಾದಲ್ಲಿ ಓದುತ್ತಿದ್ದ ಮೈರನ್ ರೋಲ್ ಎಂಬ ಫುಟ್ಬಾಲ್ ಆಟಗಾರನಿಗೆ 2008ರ ನವೆಂಬರಿನಲ್ಲಿ ಆಕ್ಸ್‌ಫರ್ಡಿಗೆ ಕಳಿಸುವ ರೋಡ್ಸ್ ವಿದ್ಯಾರ್ಥಿವೇತನದ ಸಂದರ್ಶನ ಬಂತು, ತಂಡದ ಮುಖ್ಯ ಪಂದ್ಯದ ದಿನವೇ. ಸಂದರ್ಶನ ತಪ್ಪಿಸು ಎಂದು ಕಾಲೇಜು ಹೇಳಲಿಲ್ಲ. ಅವನು ಮೊದಲು ಅಲ್ಲಿಗೆ ಹೋದ, ಆಯ್ಕೆಯಾದ, ವಿಮಾನ ಹಿಡಿದು ಪಂದ್ಯದ ನಡುವೆ ಮೈದಾನಕ್ಕೆ ಬಂದಿಳಿದ. ಇವತ್ತು ಅವನು ನರಶಸ್ತ್ರಚಿಕಿತ್ಸಕ. ನಮ್ಮಲ್ಲಿ ಆ ಪತ್ರ ಬಂದಿದ್ದರೆ ಹುಡುಗನ ಕೈಗೆ ಕೊಡುವ ಮೊದಲು ಎಷ್ಟು ಮಂದಿ ಪಂದ್ಯದ ಪಟ್ಟಿ ನೋಡುತ್ತಿದ್ದರು ಎಂದು ಊಹಿಸಿ.

ಸ್ಟಾರ್ ಆದವರಿಗೂ ನೇರವಾಗಿ ಒಂದು ಮಾತು. ಕಾಲೇಜು ವಿನಾಯಿತಿ ಕೊಟ್ಟರೂ ನೀವು ತೆಗೆದುಕೊಳ್ಳಬೇಡಿ. ಪಿ.ಡಿ. ಸರ್ ಬೈದರೂ ಕ್ಲಾಸಿಗೆ ಹೋಗಿ ಕೂರಿ. ಮೊದಲ ವಾರ ಎಲ್ಲರೂ ತಿರುಗಿ ನೋಡುತ್ತಾರೆ, ಮೂರನೇ ವಾರ ಯಾರೂ ನೋಡುವುದಿಲ್ಲ. ಆ ಮೂರನೇ ವಾರದಿಂದ ನೀವು ಅಲ್ಲಿಯವರು.

ಹೀಗೆಲ್ಲ ಮಾಡಿದರೆ ಪದಕ ಕಡಿಮೆಯಾಗುತ್ತದೆ ಎಂಬುದು ಕೊನೆಗೆ ಬರುವ ಬೆದರಿಕೆ. ಪಂಜಾಬಿನವರು ಮೇಲೆ ಹೋಗುತ್ತಾರೆ, ಚಾಂಪಿಯನ್‌ಶಿಪ್ ಕೈತಪ್ಪುತ್ತದೆ. ಆಗಬಹುದು, ಎರಡು ಮೂರು ವರ್ಷ ಖಂಡಿತ ಆಗುತ್ತದೆ. ನಿಜವಾದ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಗೆಲ್ಲಲು ಆಗದ ತಂಡ ವಿದ್ಯಾರ್ಥಿಗಳ ಕೂಟದಲ್ಲಿ ಸೋಲುವುದರಲ್ಲಿ ಅನ್ಯಾಯ ಏನೂ ಕಾಣುವುದಿಲ್ಲ. ಸೋಲಲು ಮನಸ್ಸಿಲ್ಲದವರಿಗೆ ಬೇರೆ ದಾರಿ ಇದೆ. ಬಂಟ್ವಾಳ ತಾಲೂಕಿನ ಒಂದೊಂದು ಗ್ರಾಮದಲ್ಲೂ ಕಬಡ್ಡಿಯ ಕ್ಲಬ್ ಇದೆ, ಯುವಕ ಮಂಡಲ ಇದೆ, ಹಾಜರಿ ಪುಸ್ತಕ ಎಲ್ಲಿಯೂ ಇಲ್ಲ. ಅಥ್ಲೆಟಿಕ್ ಸಂಸ್ಥೆಯಲ್ಲಿ ಹಾಗೆಯೇ ಒಂದು ಕ್ಲಬ್ ನೋಂದಾಯಿಸಿ, ಓಟಗಾರರಿಗೆ ತಿಂಗಳ ಸಂಬಳ ಕೊಡಿ, ಬನಿಯನಿನ ಮೇಲೆ ಸಂಬಳ ಕೊಡುವವರ ಹೆಸರು ಹಾಕಿ ಓಡಿಸಿ. ಪ್ರಾಂಶುಪಾಲರ ಸಹಿಯನ್ನು ಮಾತ್ರ ಕೇಳಬೇಡಿ.